ಹಾಜರಿ ಪೆನ್ನು

ಮೈಸೂರು
16 ಜೂನ್ 2025

ಧರಣಿಯ ಪೋಷಕರಿಗೆ,

ನಾನು ಮೂರನೇ ತರಗತಿಯ ಶಿಕ್ಷಕಿ. ನಿಮ್ಮ ನಂಬರಿಗೆ ಆರು ಸಲ ಕರೆ ಮಾಡಿದೆ, ಹೋಗುತ್ತಿಲ್ಲ. ಹಾಗಾಗಿ ಈ ಪತ್ರವನ್ನು ಮಗುವಿನ ಬ್ಯಾಗಿನಲ್ಲೇ ಇಟ್ಟು ಕಳಿಸುತ್ತಿದ್ದೇನೆ.

ಧರಣಿ ಶಾಲೆಗೆ ಸೇರಿ ಹದಿನೈದು ದಿನವಾಯಿತು. ಜಾಣೆ. ಹನ್ನೆರಡರವರೆಗೆ ಮಗ್ಗಿ ಬರುತ್ತದೆ. ಆದರೆ ಕೆಲವು ಸಂಗತಿಗಳು ನನಗೆ ಅರ್ಥವಾಗುತ್ತಿಲ್ಲ. ಮೊದಲ ದಿನವೇ ಓಡಿ ಬಂದು ನನ್ನ ಸೊಂಟ ಅಪ್ಪಿಕೊಂಡಳು. ಖುಷಿಯಾಯಿತು. ಅರ್ಧ ಗಂಟೆ ಕಳೆದ ಮೇಲೆ ಅಡುಗೆಮನೆಗೆ ಸಿಲಿಂಡರ್ ತಂದವರ ಸೊಂಟವನ್ನೂ ಹಾಗೆಯೇ ಅಪ್ಪಿಕೊಂಡು, ‘ನಮ್ಮನೆಗೆ ಬತ್ತೀರಾ?’ ಅಂದಳು. ನಾನು ಶೌಚಾಲಯಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಎರಡರ ಮಗ್ಗಿ ಹೇಳುತ್ತಾಳೆ. ಒಳಗಿನಿಂದ ನಾನು ‘ಹೂಂ’ ಅನ್ನದಿದ್ದರೆ ಬಾಗಿಲು ಒದೆಯುತ್ತಾಳೆ. ಚೆನ್ನಾಗಿ ಬರೆದಿದ್ದೀಯ ಅಂದರೆ ಬರೆದ ಹಾಳೆಯನ್ನೇ ಹರಿಯುತ್ತಾಳೆ. ಬಿಸಿಯೂಟದ ಮೊಟ್ಟೆ ತಿನ್ನದೆ ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ. ಶುಕ್ರವಾರದ ಮೊಟ್ಟೆ ಇವತ್ತು ಸೋಮವಾರ ಇಡೀ ತರಗತಿಗೆ ತಾನಿರುವ ಜಾಗ ತಿಳಿಸಿತು.

ಕಳೆದ ಗುರುವಾರ ಪಕ್ಕದಲ್ಲಿ ಕೂರುವ ನಿಶಾಂತನನ್ನು ಕಚ್ಚಿದಳು. ಅವನು ಮಾಡಿದ ತಪ್ಪು, ಬೇರೆ ಬೆಂಚಿಗೆ ಹೋಗಿ ಕೂತದ್ದು.

ದಯವಿಟ್ಟು ಒಮ್ಮೆ ಶಾಲೆಗೆ ಬನ್ನಿ.

ಶಾಂತಾದೇವಿ
ಸಹಶಿಕ್ಷಕಿ

ದಾಖಲಾತಿ ಅರ್ಜಿಯಲ್ಲಿ ‘ಮಾಲಾ, ಟೈಲರ್, ಅಶೋಕಪುರಂ’ ಎಂದು ಬರೆದಿದೆ. ಆ ಕೈಬರಹ ಎಲ್ಲೋ ನೋಡಿದ ಹಾಗಿದೆ.


ಅಶೋಕಪುರಂ
18 ಜೂನ್ 2025

ಶಿಕ್ಷಕಿ ಶಾಂತಾದೇವಿಯವರಿಗೆ,

ನೋಡಿದ ಹಾಗಿದೆಯೋ? ಇರಬೇಕು. ಕಾಲೇಜಿನ ಗೋಡೆಗೆ ನಾವಿಬ್ಬರೂ ಅಂಟಿಸಿದ ಪೋಸ್ಟರುಗಳ ಅಕ್ಷರವೆಲ್ಲ ನನ್ನದೇ. ಮೈದಾ ಅಂಟು ಕಾಯಿಸಿ ತರುತ್ತಿದ್ದವರು ನೀವು. ನಿಮ್ಮ ನಂಬರನ್ನು ನಾನು ಬ್ಲಾಕು ಮಾಡಿ ಹನ್ನೊಂದು ವರ್ಷವಾಯಿತು, ಅದಕ್ಕೇ ಕರೆ ಹೋಗುತ್ತಿಲ್ಲ. ತೆಗೆಯುವ ಯೋಚನೆ ಇಲ್ಲ. ಶಾಲೆಗೂ ಬರುವುದಿಲ್ಲ. ಮಗುವಿನ ವಿಷಯ ಬರೆದರೆ ಉತ್ತರ ಬರೆಯುತ್ತೇನೆ. ಪತ್ರ ಬಂದರೆ ಉತ್ತರ ಬರೆಯುವ ಅಭ್ಯಾಸ ನನಗಿದೆ.

ಧರಣಿ ನನ್ನ ತಮ್ಮ ಅಶೋಕನ ಮಗಳು. ಎಂಟು ವರ್ಷದ ಜೀವ. ನಮ್ಮದು ಅವಳ ಐದನೇ ಮನೆ, ನಿಮ್ಮದು ಮೂರನೇ ಶಾಲೆ. ಅಶೋಕ ತೀರಿಕೊಂಡಾಗ ಇವಳಿಗೆ ಮೂರು. ಅವಳಮ್ಮ ತಿರುಪ್ಪೂರಿನ ಬಟ್ಟೆ ಫ್ಯಾಕ್ಟರಿಗೆ ಹೋದವಳು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಳು. ಇಪ್ಪತ್ತೆರಡರ ಹುಡುಗಿ, ನಾನು ಬೈಯುವುದಿಲ್ಲ. ನಮ್ಮವ್ವ ಮುದ್ದಮ್ಮ ಸಾಕಿದಳು, ಅವಳೂ ಹೋದಳು. ಆಮೇಲೆ ಕೊಳ್ಳೇಗಾಲದ ಚಿಕ್ಕಮ್ಮನ ಮನೆ. ಆಮೇಲೆ ಬಾಲಮಂದಿರ. ಪ್ರತಿ ಸಲವೂ ಯಾರೋ ಒಬ್ಬರು ‘ಎರಡು ದಿನ ಬುಟ್ಟು ಬತ್ತೀನಿ ಕಣವ್ವ’ ಅಂದು ಕೈಬೀಸಿ ಹೋಗಿದ್ದಾರೆ. ಪ್ರತಿ ಶಾಲೆಯಲ್ಲೂ ಒಂದು ಟಿಸಿ ಹರಿದು ಕೈಗೆ ಕೊಟ್ಟಿದ್ದಾರೆ.

ಅವಳು ಸೊಂಟ ಅಪ್ಪಿಕೊಂಡರೆ ಪ್ರೀತಿ ಬಂತೆಂದು ಹಿಗ್ಗಬೇಡಿ. ಮುಳುಗುವವರು ಹುಲ್ಲುಕಡ್ಡಿಯ ಕುಲಗೋತ್ರ ಕೇಳುತ್ತಾರೆಯೇ? ಸಿಕ್ಕಿದ್ದನ್ನು ಹಿಡಿಯುತ್ತಾರೆ. ಹಾಳೆ ಹರಿದರೆ ಕೊಬ್ಬು ಎಂದೂ ತಿಳಿಯಬೇಡಿ. ಇವತ್ತು ಜಾಣೆ ಅಂದವರು ನಾಳೆ ಬಿಟ್ಟುಹೋದರೆ ಜಾಸ್ತಿ ನೋವು ಎಂಬ ಲೆಕ್ಕ ಅವಳಿಗೆ ನಿಮ್ಮ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ. ಇನ್ನು ಮೊಟ್ಟೆ. ನಮ್ಮಲ್ಲಿ ದಿಂಬಿನ ಕೆಳಗೆ ಚಪಾತಿ, ಮೆಷಿನಿನ ಡ್ರಾಯರಿನಲ್ಲಿ ಅನ್ನದ ಉಂಡೆ ಸಿಕ್ಕಿವೆ. ಒಬ್ಬ ಗಿರಾಕಿಯ ಬ್ಲೌಸಿಗೆ ಸೊಪ್ಪಿನ ಸಾರು ಹತ್ತಿತ್ತು. ‘ಡಿಸೈನ್ ಚೆನ್ನಾಗಿದೆ’ ಅಂದು ಒಯ್ದರು.

ಬೈಯಬೇಡಿ. ಹೊಡೆಯಲೇಬೇಡಿ. ಮುಖ್ಯವಾಗಿ, ಹೊರಗೆ ನಿಲ್ಲಿಸಬೇಡಿ. ಹೊರಗೆ ನಿಲ್ಲುವುದು ನಮ್ಮ ಮನೆತನಕ್ಕೆ ಹೊಸದೇನಲ್ಲ. ಇವಳ ಕಾಲಕ್ಕಾದರೂ ಅದು ಮುಗಿಯಲಿ.

ಮಾಲಾ
ಧರಣಿಯ ಅತ್ತೆ

ಅವಳ ಹೆಸರು ಚೆನ್ನಾಗಿದೆ ಅಂದಿರಂತೆ. ಅವಳಪ್ಪ ಪೌರಕಾರ್ಮಿಕರ ಜೊತೆ ಧರಣಿ ಕೂತ ಒಂಬತ್ತನೇ ದಿನ ಹುಟ್ಟಿದವಳು. ಹೆಸರಿಗೆ ಪಂಚಾಂಗ ನೋಡುವ ಖರ್ಚು ಉಳಿಯಿತು.


ಮೈಸೂರು
5 ಜುಲೈ 2025

ಮಾಲಾ ಅವರಿಗೆ,

ನಿನ್ನೆ ಸಂಜೆ ನಮ್ಮ ಅಡುಗೆಯ ಸುಂದರಮ್ಮ ಧರಣಿಯನ್ನು ನಿಮ್ಮ ಮನೆಗೆ ಬಿಟ್ಟು ಬಂದರು. ಏನಾಯಿತೆಂದು ನೀವು ನನ್ನಿಂದಲೇ ತಿಳಿಯಬೇಕು.

ನಿನ್ನೆ ಆಷಾಢ ಶುಕ್ರವಾರ. ಅಮ್ಮನನ್ನು ಬೆಟ್ಟಕ್ಕೆ ಕರೆದೊಯ್ಯಲು ರಜೆ ಹಾಕಿದ್ದೆ. ಧರಣಿಗೆ ಹೇಳಿರಲಿಲ್ಲ. ಹೇಳಿದರೆ ಅಳುತ್ತಾಳೆ, ಹೇಳದಿದ್ದರೆ ಒಂದು ದಿನ ಹೇಗೋ ಕಳೆಯುತ್ತದೆ ಅಂದುಕೊಂಡೆ. ತಪ್ಪು ಅಲ್ಲೇ ಶುರು. ನನ್ನ ಮಕ್ಕಳನ್ನು ವಾಗೀಶ ಮಾಸ್ತರು ತಮ್ಮ ಐದನೇ ತರಗತಿಯ ಜೊತೆ ಕೂರಿಸಿಕೊಂಡರು. ಧರಣಿ ಐದು ನಿಮಿಷಕ್ಕೊಮ್ಮೆ ಎದ್ದು ‘ಮಿಸ್ ಎಲ್ಲಿ?’ ಅಂದಳಂತೆ. ಅವರು ಬೇಸತ್ತು, ‘ನಿಮ್ ಮಿಸ್ ಬೆಟ್ಟ ಹತ್ತವ್ರೆ, ಬರಲ್ಲ ಹೋಗು’ ಅಂದು ಹೊರಗೆ ನಿಲ್ಲಿಸಿದರು. ನೀವು ಬೇಡವೆಂದು ಬರೆದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಅದು ಎರಡನೇ ತಪ್ಪು.

ಅವಳು ಗೇಟು ದಾಟಿ ಬೆಟ್ಟದ ದಾರಿ ಹಿಡಿದಳು. ಆಷಾಢ ಶುಕ್ರವಾರ ಮೈಸೂರಿನಲ್ಲಿ ಬೆಟ್ಟದ ದಾರಿ ಯಾರನ್ನೂ ಕೇಳಬೇಕಾಗಿಲ್ಲ, ಜನದ ಹಿಂದೆ ನಡೆದರಾಯಿತು.

ಅಮ್ಮನನ್ನು ಬಸ್ಸು ಹತ್ತಿಸಿ ನಾನು ಹರಕೆಗೆಂದು ಮೆಟ್ಟಿಲಿಳಿದು ಬರುತ್ತಿದ್ದೆ. ಪಾದದ ಹತ್ತಿರ ಒಂದು ಪುರಿ ಅಂಗಡಿ. ‘ಪುರೀ, ಬತ್ತಾಸೂ! ಬನ್ನಿ ಅಣ್ಣಾ, ಬನ್ನಿ ಅಕ್ಕಾ!’ ಗೊತ್ತಿರುವ ಗಂಟಲು. ನಮ್ಮ ಯೂನಿಫಾರಂ ಹಾಕಿಕೊಂಡು ನನ್ನ ಮೂರನೇ ತರಗತಿ ಅಲ್ಲಿ ವ್ಯಾಪಾರಕ್ಕೆ ಕೂತಿದೆ! ಅಂಗಡಿಯಾಕೆ ಸೆರಗಿನಲ್ಲಿ ಬೆವರು ಒರೆಸಿಕೊಂಡು ಹೇಳಿದಳು: ‘ಆಗ್ಲಿಂದ ನನ್ನ ಅಮ್ಮ ಅಮ್ಮ ಅಂತಾವಳೆ ಕಣ್ರೀ. ಪೊಲೀಸ್ರಿಗೆ ಹೇಳ್ತೀನಿ ಅಂದ್ರೆ, ಬ್ಯಾಡ, ನಮ್ ಮಿಸ್ ಇಳಿಯೋದು ಇಲ್ಲೇಯ ಅಂತ ಕೂತ್ಬುಟ್ಳು. ಯಾಪಾರ ಮಾತ್ರ ಜೋರಾಯ್ತು.’

ನನ್ನನ್ನು ಕಂಡು ಧರಣಿ ಓಡಿ ಬರಲಿಲ್ಲ. ಕೂತಲ್ಲೇ, ಕಳ್ಳನನ್ನು ಹಿಡಿದ ಪೊಲೀಸಿನ ಹಾಗೆ, ‘ಸಿಕ್ಬುಟ್ರಲ್ಲ ಮಿಸ್’ ಅಂದಳು.

ಇನ್ನು ಕಷ್ಟದ ಮಾತು. ಹೆಡ್ಮಾಸ್ಟರ್ ಏಕಾಂತಯ್ಯನವರು ಹೆದರಿದ್ದಾರೆ. ನಿವೃತ್ತಿಗೆ ಎರಡು ವರ್ಷ ಇದೆ. ‘ಮಗೂಗೆ ಏನಾದ್ರೂ ಆಗಿದ್ರೆ ಯಾರ್ರೀ ಹೊಣೆ? ಟಿಸಿ ಬರೆದುಕೊಡ್ತೀನಿ, ಯಾವುದಾದ್ರೂ ವಸತಿ ಶಾಲೆಗೆ ಹಾಕ್ಲಿ’ ಅನ್ನುತ್ತಿದ್ದಾರೆ. ನಾನು ಬೇಡ ಅಂದೆ. ಗಟ್ಟಿಯಾಗಿ ಅಂದೆನೋ ಇಲ್ಲವೋ ಗೊತ್ತಿಲ್ಲ.

ಶಾಂತಾದೇವಿ


ಅಶೋಕಪುರಂ
6 ಜುಲೈ 2025

ಶಾಂತಾದೇವಿಯವರಿಗೆ,

ಗಟ್ಟಿಯಾಗಿ ಅಂದಿರುವುದಿಲ್ಲ. ನನಗೆ ಗೊತ್ತು. ಮೆರವಣಿಗೆಯಲ್ಲೂ ನಾನು ಘೋಷಣೆ ಕೂಗಿದರೆ ನೀವು ತುಟಿ ಮಾತ್ರ ಆಡಿಸುತ್ತಿದ್ದಿರಿ.

ನಿಮ್ಮ ಹೆಡ್ಮಾಸ್ಟರಿಗೆ ಓದಿ ಹೇಳಿ: ಶಿಕ್ಷಣ ಹಕ್ಕಿನ ಕಾಯ್ದೆ, ಹದಿನಾರನೇ ಕಲಮು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಟಿಸಿಯನ್ನು ನಾನು ಕೇಳಬೇಕು, ಅವರು ಕೊಡುವುದಲ್ಲ. ನಾನು ಕೇಳುವುದಿಲ್ಲ. ಬಲವಂತ ಮಾಡಿದರೆ ಶಾಮಿಯಾನ, ಮೈಕು, ನಲವತ್ತು ಜನ ಪೌರಕಾರ್ಮಿಕ ಹೆಂಗಸರು ಶಾಲೆಯ ಗೇಟಿಗೆ ಬರುತ್ತೇವೆ. ಬಿಸಿಯೂಟ ಅಲ್ಲೇ ಮಾಡುತ್ತೇವೆ. ಸುಂದರಮ್ಮನಿಗೆ ಅಕ್ಕಿ ಜಾಸ್ತಿ ಹಾಕಲು ಹೇಳಿ.

ವಸತಿ ಶಾಲೆಯಂತೆ! ಆರನೇ ಮನೆ, ನಾಲ್ಕನೇ ಶಾಲೆ. ಗಾಯದ ಮೇಲೆ ಮುಲಾಮು ಹಚ್ಚಲು ಬಾರದವರು ಕೈಯನ್ನೇ ಕಡಿಯಲು ಹೊರಟ ಹಾಗೆ.

ಬೈದಾಯಿತು. ಈಗ ಕೆಲಸದ ಮಾತು. ಎಲ್ಲಿಗಾದರೂ ಹೋಗುವ ಮುಂಚೆ ಅವಳಿಗೆ ಹೇಳಿ. ಅತ್ತರೆ ಅಳಲಿ, ಹೇಳಿಯೇ ಹೋಗಿ. ಯಾವ ದಿನ ಬರುತ್ತೀರೆಂದು ಬೋರ್ಡಿನ ಮೇಲೆ ಬರೆಯಿರಿ. ‘ಎರಡು ದಿನ’ ಎಂಬ ಮಾತನ್ನು ಮಾತ್ರ ಬಾಯಿಗೆ ತರಬೇಡಿ. ತಿರುಗಿ ಬಂದು ಕೇಳಿ ಪಡೆಯಲೇಬೇಕಾದ ಒಂದು ವಸ್ತುವನ್ನು ಅವಳ ಕೈಗೆ ಕೊಟ್ಟು ಹೋಗಿ. ಒಂದು ಸಲ ನಾನು ಪೌರಕಾರ್ಮಿಕರ ಸಂಘದ ಸಭೆಗೆ ಹೋಗುವಾಗ ಮೆಷಿನಿನ ಸೂಜಿ ಬಿಚ್ಚಿ ಡಬ್ಬಿಯಲ್ಲಿ ಹಾಕಿ ಕೊಟ್ಟು ಹೋದೆ. ಸೂಜಿ ಇಲ್ಲದೆ ಅತ್ತೆಗೆ ಅನ್ನ ಇಲ್ಲ ಎಂದು ಅವಳಿಗೆ ಗೊತ್ತು. ಅವತ್ತು ಅಳದೆ ಉಂಡಳು.

ಮಾಲಾ

ಪುರಿ ಅಂಗಡಿಯಾಕೆಗೆ ನನ್ನ ವಂದನೆ. ಪೊಲೀಸಿಗಿಂತ ಮೊದಲು ಮಗುವಿನ ಮಾತು ಕೇಳಿದಳಲ್ಲ.


ಮೈಸೂರು
9 ಆಗಸ್ಟ್ 2025

ಮಾಲಾ ಅವರಿಗೆ,

ನಿಮ್ಮ ಸೂಜಿಯ ಪಾಠ ಕಲಿತೆ. ನಾನು ಹಾಜರಿ ಹಾಕುವ ಪೆನ್ನು ಒಂದೇ, ಬಿ.ಎಡ್. ಮುಗಿದಾಗ ಅಪ್ಪ ಕೊಟ್ಟದ್ದು. ಅದು ಧರಣಿಗೂ ಗೊತ್ತು. ಕಳೆದ ತಿಂಗಳು ತರಬೇತಿಗೆ ಹೋಗುವಾಗ ಅದನ್ನು ಅವಳಿಗೆ ಕೊಟ್ಟೆ. ‘ಗುರುವಾರ ಬರುತ್ತೇನೆ, ಬೇರೆ ಪೆನ್ನಿನಲ್ಲಿ ನಾನು ಹಾಜರಿ ಹಾಕುವುದಿಲ್ಲ’ ಅಂದೆ. ಗುರುವಾರ ಬಂದಾಗ ಬಾಗಿಲಲ್ಲೇ ನಿಂತಿದ್ದಳು. ಪೆನ್ನು ಕೊಟ್ಟು, ‘ನೋಡ್ದ್ಯಾ, ಬಂದ್ರು’ ಅಂದಳು. ನನಗಲ್ಲ, ನಿಶಾಂತನಿಗೆ. ಯೂನಿಫಾರಮ್ಮಿಗೆ ನೀವು ಹೊಲಿದ ಒಳಜೇಬು ನೋಡಿದೆ. ಅಷ್ಟು ಸಣ್ಣ ಹೊಲಿಗೆ ಬೇರೆ ಯಾರೂ ಹಾಕುವುದಿಲ್ಲ.

ನಮ್ಮ ಪತ್ರಗಳನ್ನೂ ಅವಳು ಕಾಯುತ್ತಾಳೆ. ಒಂದು ಕೊಂಡೊಯ್ದ ಮಾರನೇ ದಿನದಿಂದ ‘ಅತ್ತೆ ಇನ್ನೂ ಬರೆದಿಲ್ಲ ಮಿಸ್, ಬ್ಲೌಸ್ ಜಾಸ್ತಿ ಇದೆ, ಬರೀತಾರೆ’ ಎಂದು ನನಗೆ ಸಮಾಧಾನ ಹೇಳುತ್ತಾಳೆ.

ಈಗ ಕಥೆ ಕೇಳಿ. ಸೋಮವಾರ ನಮ್ಮ ಶಾಲೆಯ ಟಿಸಿ ಪುಸ್ತಕ ಕಾಣೆಯಾಯಿತು. ನಿಶಾಂತನ ತಂದೆಗೆ ಹುಬ್ಬಳ್ಳಿಗೆ ವರ್ಗವಾಗಿದೆ, ಟಿಸಿ ಕೇಳಲು ಬಂದು ಕೂತಿದ್ದಾರೆ. ಏಕಾಂತಯ್ಯನವರು ಬೀರು ಬರಿದು ಮಾಡಿದರು, ಕಸದ ಬುಟ್ಟಿ ಸುರಿದರು, ವಾಗೀಶ ಮಾಸ್ತರರ ಊಟದ ಡಬ್ಬಿಯನ್ನೂ ತೆರೆದು ನೋಡಿದರು. ‘ಮೂವತ್ತು ವರ್ಷದ ಸರ್ವೀಸಲ್ಲಿ ಒಂದು ಗುಂಡುಸೂಜಿ ಕಳೆದಿಲ್ಲ ಕಣ್ರೀ!’ ಮೂರು ದಿನ ಇದೇ ಪಾರಾಯಣ.

ಗುರುವಾರ ಸುಂದರಮ್ಮ ಅಕ್ಕಿ ಡ್ರಮ್ಮಿಗೆ ಸೇರು ಹಾಕಿದರೆ ಟಕ್ಕೆಂದಿತು. ಕೈಹಾಕಿ ಎಳೆದರು. ‘ಸಾ! ನಿಮ್ ಪುಸ್ತಕ ಅನ್ನ ಆಗೋದ್ರಲ್ಲಿತ್ತು!’ ಪುಸ್ತಕದ ಜೊತೆಗೆ ಎರಡು ಚಿಕ್ಕಿ, ಅರ್ಧ ರಬ್ಬರ್. ಯಾರ ಬೊಕ್ಕಸವೆಂದು ಕೇಳುವ ಹಾಗೇ ಇರಲಿಲ್ಲ.

ಧರಣಿ ತಲೆ ತಗ್ಗಿಸಲಿಲ್ಲ. ‘ಪುಸ್ತಕ ಇಲ್ದಿದ್ರೆ ನಿಶಾಂತ್ ಹೋಗಕಾಗಲ್ಲ. ನಾನೂ ಹೋಗಕಾಗಲ್ಲ’ ಅಂದಳು. ಏಕಾಂತಯ್ಯನವರು ಪುಸ್ತಕದಿಂದ ಅಕ್ಕಿ ಕೊಡವಿದರು. ಕೊನೆಗೆ ನನಗೆ ಹೇಳಿದ್ದು ಇಷ್ಟು: ‘ದಸರಾ ಕಳೀಲಿ ಮೇಡಂ, ಆಮೇಲೆ ಇವಳ ಟಿಸಿ ಮಾತು. ಅಷ್ಟರೊಳಗೆ ಇನ್ನೊಂದ್ಸಲ ಗೇಟು ದಾಟಿದ್ರೆ ಮಾತ್ರ ನಾನು ಸುಮ್ನಿರಲ್ಲ.’

ನಿಶಾಂತ ಹೋದ. ಹೋಗುವ ಮುಂಚೆ ಇಬ್ಬರನ್ನೂ ಕೂರಿಸಿ ಹೇಳಿದೆ. ಕಚ್ಚಲಿಲ್ಲ. ಅರ್ಧ ರಬ್ಬರ್ ಅವನಿಗೆ ಕೊಟ್ಟಳು.

ಶಾಂತಾ


ಅಶೋಕಪುರಂ
11 ಆಗಸ್ಟ್ 2025

ಶಾಂತಾ ಅವರಿಗೆ,

ಅಂಗಡಿಯಲ್ಲಿ ಓದಿ ಎಷ್ಟು ನಕ್ಕೆನೆಂದರೆ ಗಿರಾಕಿಯ ಅಳತೆ ಮರೆತು ತೋಳು ಚಿಕ್ಕದಾಯಿತು. ಸರ್ಕಾರ ಬಡವರನ್ನು ಎಬ್ಬಿಸಿ ಕಳಿಸುವುದೆಲ್ಲ ಕಾಗದದಲ್ಲೇ ಎಂದು ನನಗೆ ಅರ್ಥವಾಗಲು ಡಿಗ್ರಿ ಮುಗಿಯಬೇಕಾಯಿತು. ಈ ಪೋರಿಗೆ ಎಂಟು ವರ್ಷಕ್ಕೇ ಗೊತ್ತಾಗಿದೆ. ಕಾಗದವನ್ನೇ ಹೂತಿಟ್ಟಿದ್ದಾಳೆ. ಆದರೆ ಚೆನ್ನಾಗಿ ಬೈದಿದ್ದೇನೆ. ಅನ್ನದ ಅಕ್ಕಿಯಲ್ಲಿ ಅಲ್ಲ, ಮಣ್ಣಲ್ಲಿ ಹೂಳು ಅಂತ.

ನಗುವುದಾಯಿತು. ಒಂದು ಮಾತು ಯಾರಿಗೂ ಹೇಳಿಲ್ಲ. ಕೊಳ್ಳೇಗಾಲದವರು ಕೈಚೆಲ್ಲಿದಾಗ ಬಾಲಮಂದಿರದ ಬಾಗಿಲವರೆಗೆ ಇವಳ ಕೈಹಿಡಿದು ಕರೆದೊಯ್ದವಳು ನಾನು. ‘ಎರಡು ದಿನ ಬುಟ್ಟು ಬತ್ತೀನಿ’ ಅಂದದ್ದೂ ನಾನೇ. ಮುಷ್ಕರ ನಡೆದಿತ್ತು, ಆಮೇಲೆ ಕೋರ್ಟು, ಆಮೇಲೆ ಇನ್ನೊಂದು ಮುಷ್ಕರ. ಊರಿನ ಮಕ್ಕಳಿಗೆಲ್ಲ ನ್ಯಾಯ ಕೇಳುತ್ತಾ ತಿರುಗಿದೆ. ಎರಡು ದಿನ ಹದಿನಾಲ್ಕು ತಿಂಗಳಾಯಿತು. ಕರೆತರಲು ಹೋದಾಗ ಇವಳು ನನ್ನನ್ನು ‘ನೀವು ಯಾರ ಅಮ್ಮ?’ ಅಂದಳು.

ಹಾಗಾಗಿ ನಾನು ನಿಮಗೆ ಪಾಠ ಹೇಳುವಾಗ ಕಲಿತದ್ದು ಎಲ್ಲಿ ಎಂದು ಕೇಳಬೇಡಿ.

ಬಿಟ್ಟುಹೋದವರು ಒಂದು ಚೀಟಿ ಬರೆದಿದ್ದರೂ ಬದುಕುತ್ತದೆ ಜೀವ. ಹನ್ನೊಂದು ವರ್ಷದ ಹಿಂದೆ ನಾನೂ ಒಂದು ಪತ್ರ ಬರೆದಿದ್ದೆ, ನಿಮ್ಮ ಲಕ್ಷ್ಮೀಪುರಂ ವಿಳಾಸಕ್ಕೆ. ತಲುಪಲಿಲ್ಲವೇನೋ ಎಂದು ಎಷ್ಟೋ ದಿನ ಅಂಚೆಯವರನ್ನು ಬೈದೆ.

ಮಾಲಾ


ಮೈಸೂರು
19 ಸೆಪ್ಟೆಂಬರ್ 2025

ಮಾಲಾ,

ನಾಳೆಯಿಂದ ದಸರಾ ರಜೆ. ಹದಿನೆಂಟು ದಿನ. ಒಂದು ವಾರದಿಂದ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ: ಅಕ್ಟೋಬರ್ ಎಂಟು, ಬುಧವಾರ, ಬೆಳಿಗ್ಗೆ, ಮಿಸ್ ಬರುತ್ತಾರೆ. ಪೆನ್ನು ಅವಳ ಒಳಜೇಬಿನಲ್ಲಿದೆ. ಅವಳು ದಿನ ಎಣಿಸಲು ಏನಾದರೂ ಕೊಡಿ. ರಜೆಯಲ್ಲಿ ನಮ್ಮನ್ನೆಲ್ಲ ಸರ್ಕಾರದ ಜಾತಿ ಸಮೀಕ್ಷೆಗೆ ಹಾಕಿದ್ದಾರೆ, ಮನೆ ಮನೆ ತಿರುಗಬೇಕು.

ಈಚೆಗೆ ಅವಳು ಹಾಳೆ ಹರಿಯುತ್ತಿಲ್ಲ. ಮೊಟ್ಟೆಯನ್ನು ಅರ್ಧ ತಿಂದು ಅರ್ಧ ಬಚ್ಚಿಡುತ್ತಾಳೆ. ಇದನ್ನು ಪ್ರಗತಿ ಪತ್ರದಲ್ಲಿ ಯಾವ ಕಾಲಮಿನಲ್ಲಿ ಬರೆಯಬೇಕೋ ತಿಳಿಯದು.

ಆಗಸ್ಟಿನ ನಿಮ್ಮ ಪತ್ರದ ಕೊನೆಯ ಸಾಲಿಗೆ ಮೂರು ಸಲ ಉತ್ತರ ಬರೆದೆ. ಮೂರು ಸಲವೂ ಹರಿದೆ. ಧರಣಿ ಬಿಟ್ಟ ಅಭ್ಯಾಸ ನನಗೆ ಹತ್ತಿದೆ.

ಶಾಂತಾ


ಅಶೋಕಪುರಂ
8 ಅಕ್ಟೋಬರ್ 2025

ಶಾಂತಾದೇವಿಯವರಿಗೆ,

ಇದನ್ನು ನಿಮ್ಮ ಮನೆಯ ಗೇಟಿನ ಪೋಸ್ಟು ಡಬ್ಬಿಗೆ ನಾನೇ ಹಾಕಿ ಹೋಗುತ್ತೇನೆ. ಒಳಗೆ ಬರುವುದಿಲ್ಲ. ದಾರಿ ಮರೆತಿಲ್ಲ, ಅಷ್ಟೇ.

ದಿನ ಎಣಿಸಲು ಧರಣಿಗೆ ಹದಿನೆಂಟು ಗುಂಡಿ ಕೊಟ್ಟಿದ್ದೆ. ದಿನಕ್ಕೊಂದು ಡಬ್ಬಿಯಿಂದ ಡಬ್ಬಿಗೆ. ನಿನ್ನೆ ಕೊನೆಯದನ್ನು ಹಾಕಿ ಯೂನಿಫಾರಂ ಇಸ್ತ್ರಿ ಮಾಡಿಸಿಕೊಂಡಳು. ಸಂಜೆ ಟಿವಿಯಲ್ಲಿ ಬಂತು: ಸಮೀಕ್ಷೆ ಮುಗಿದಿಲ್ಲ, ರಜೆ ಇನ್ನೂ ಹತ್ತು ದಿನ. ಮಂತ್ರಿಗಳು ಹೇಳಿದರು, ಅಧಿಕಾರಿಗಳು ಹೇಳಿದರು. ಮೂರನೇ ತರಗತಿಯ ಧರಣಿಗೆ ಮಿಸ್ ಕೊಟ್ಟ ಮಾತು ಏನಾಯಿತು ಎಂದು ಒಬ್ಬನೂ ಹೇಳಲಿಲ್ಲ. ಇವಳು ನಂಬಲಿಲ್ಲ. ‘ಟಿವಿಯವ್ರಿಗೆ ಏನ್ ಗೊತ್ತು, ಬೋರ್ಡ್ ಮೇಲೆ ಬರೆದವ್ರೆ’ ಅಂದಳು.

ಬೆಳಿಗ್ಗೆ ಒಬ್ಬಳೇ ಓಡಬಾರದೆಂದು ನಾನೇ ಕರೆತಂದೆ. ನಿಮ್ಮ ಶಾಲೆಗೆ ನಾನು ಕಾಲಿಟ್ಟದ್ದು ಹೀಗೆ, ಸೇರಿಸುವಾಗಲೂ ಅರ್ಜಿ ಬರೆದು ಸಂಘದವರ ಕೈಯಲ್ಲಿ ಕಳಿಸಿದ್ದೆ. ಗೇಟಿಗೆ ಬೀಗ. ಇವಳು ಸರಳು ಹಿಡಿದು ನಿಂತಳು. ಒಂಬತ್ತೂವರೆ, ಹತ್ತು, ಹತ್ತೂವರೆ. ನಾನು ಎಂಥೆಂಥ ಮುಷ್ಕರದಲ್ಲೋ ನಿಂತಿದ್ದೇನೆ, ಇಷ್ಟು ಉದ್ದದ್ದು ನೋಡಿಲ್ಲ. ‘ಸುಳ್ಳು ಹೇಳಿದ್ರಾ ಅತ್ತೆ?’ ಅಂದಳು, ನನ್ನ ಕಡೆ ನೋಡದೆ. ನಾನೂ ಆ ಕಸುಬು ಮಾಡಿದವಳೇ.

ಅಷ್ಟರಲ್ಲಿ ಸ್ಕೂಟರಿನಲ್ಲಿ ಏಕಾಂತಯ್ಯ ಬಂದರು, ಸಮೀಕ್ಷೆಯ ಕಾಗದ ತೆಗೆದುಕೊಳ್ಳಲು. ಇವಳನ್ನು ನೋಡಿ, ‘ಏನಮ್ಮಾ, ಮತ್ತೆ ಗೇಟು ದಾಟೋಕೆ ಬಂದ್ಯಾ?’ ಅಂದರು. ನನಗೆ ಹತ್ತಿಕೊಂಡಿತು. ‘ಸಾರ್, ಗೇಟು ದಾಟಿದ್ರೆ ಟಿಸಿ ಅಂದಿದ್ರಂತಲ್ಲ. ಇವತ್ತು ರಜದಲ್ಲಿ ಒಳಕ್ಕೆ ದಾಟ್ತೀನಿ ಅಂತ ನಿಂತವಳೆ. ಇದಕ್ಕೇನು ಕೊಡ್ತೀರಾ?’ ಅಂದೆ. ಇವಳು ಒಳಜೇಬಿನಿಂದ ಪೆನ್ನು ತೆಗೆದು ತೋರಿಸಿ, ‘ಮಿಸ್‌ಗೆ ಕೊಡ್ಬೇಕು ಸಾ. ಇಲ್ದಿದ್ರೆ ಹಾಜರಿ ಎಂಗೆ ಹಾಕ್ತಾರೆ?’ ಅಂದಳು.

ಏಕಾಂತಯ್ಯ ಬೀಗ ತೆಗೆದರು. ಒಳಗೆ ಹೋಗಿ ಒಂದು ದಪ್ಪ ದಾಖಲಾತಿ ಪುಸ್ತಕ ಹೊತ್ತು ತಂದು ಕಟ್ಟೆಯ ಮೇಲೆ ಇವಳ ಪಕ್ಕ ಕೂತರು. ಕೈಯಲ್ಲಿ ಧೂಳು ಒರೆಸಿ, ಬೆರಳಿಟ್ಟು ತೋರಿಸಿದರು. ‘ಓದು.’ ಇವಳು ಓದಿದಳು: ‘ಧರಣಿ ಎ.’ ‘ಮುಂದೆ?’ ‘ಶಾಲೆ ಬಿಟ್ಟ ದಿನಾಂಕ. ಖಾಲಿ ಇದೆ ಸಾ.’

‘ನೀನು ಏಳನೇ ಕ್ಲಾಸು ಮುಗಿಸೋವರೆಗೂ ಅದು ಖಾಲಿನೇ. ಯಾರೂ ಬರೆಯಲ್ಲ. ನಾನು ಹೇಳ್ತಿದೀನಿ.’

‘ಆಮೇಲೆ ನೀವೇ ಬರೀತೀರಾ?’

ಅವರು ಕನ್ನಡಕ ತೆಗೆದರು. ಇಲ್ಲಿ ಸುಳ್ಳು ಹೇಳಿಬಿಡುತ್ತಾರೆ ಅಂದುಕೊಂಡೆ. ‘ಇಲ್ಲಮ್ಮ, ಅಷ್ಟೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ಬೇರೆ ಹೆಡ್ಮಾಸ್ಟ್ರು ಬರೀತಾರೆ. ನಾನು ಮನೇಲಿರ್ತೀನಿ, ಬಂದು ಮಾತಾಡಿಸು.’

ಇವಳು ಯೋಚಿಸಿ ಹೇಳಿದಳು: ‘ಈಗ್ಲೇ ಹೇಳ್ಬುಟ್ರಲ್ಲ, ಸರಿ.’ ಆಮೇಲೆ ಆ ಖಾಲಿ ಜಾಗದಲ್ಲಿ ತಾನೇ ಒಂದು ಗೀಟು ಹಾಕಿ ಭದ್ರ ಮಾಡಲು ಪೆನ್ನು ಬಿಚ್ಚಿದಳು. ಏಕಾಂತಯ್ಯ ‘ಅಯ್ಯೋ, ಸರ್ಕಾರಿ ದಾಖಲೆ ಕಣಮ್ಮಾ!’ ಎಂದು ಪುಸ್ತಕ ಎದೆಗವಚಿಕೊಂಡು ಒಳಗೆ ಓಡಿದರು.

ಆ ಮನುಷ್ಯ ನಾನು ತಿಳಿದಷ್ಟು ಕೆಟ್ಟವರಲ್ಲ. ಇದನ್ನು ಅವರಿಗೆ ಹೇಳಬೇಡಿ. ನಲವತ್ತು ಜನಕ್ಕೆ ಶಾಮಿಯಾನ ಬುಕ್ ಮಾಡುತ್ತೇನೆಂದು ಹೆದರಿಸಿದವಳು ನಾನು, ಮರ್ಯಾದೆ ಪ್ರಶ್ನೆ.

ಪೆನ್ನು ಇನ್ನೂ ಇವಳ ಹತ್ತಿರವೇ ಇದೆ. ನೀವು ಎಲ್ಲಿ ಯಾರ ಜಾತಿ ಬರೆದುಕೊಳ್ಳುತ್ತಿದ್ದೀರೋ ಗೊತ್ತಿಲ್ಲ. ಇವಳು ಊಟ ಬಿಟ್ಟು ಬಾಗಿಲಲ್ಲಿ ಕೂತಿದ್ದಾಳೆ.

ಮಾಲಾ


ಲಕ್ಷ್ಮೀಪುರಂ
12 ಅಕ್ಟೋಬರ್ 2025

ಮಾಲಿ,

ಮುಖಾಮುಖಿ ಆಡಲಾಗದ್ದನ್ನು ಬರೆಯುತ್ತಿದ್ದೇನೆ. ನೀನು ಎನ್ನುತ್ತೇನೆ, ಬೇಡವೆಂದರೆ ಮುಂದಿನ ಪತ್ರದಲ್ಲಿ ಬೈ.

ನಿನ್ನ ಬೀದಿ ನನಗೆ ಕೊಟ್ಟ ಸಮೀಕ್ಷೆಯ ಪಟ್ಟಿಯಲ್ಲಿ ಮೊದಲ ದಿನದಿಂದಲೂ ಇತ್ತು. ಹದಿನೈದು ದಿನ ಅದನ್ನು ಕೊನೆಗೆ ಇಟ್ಟುಕೊಂಡು ತಿರುಗಿದೆ. ನಿನ್ನ ಕಾಗದ ಸಿಕ್ಕ ಮಾರನೇ ಬೆಳಿಗ್ಗೆ ಎಲ್ಲ ಬಿಟ್ಟು ಅಲ್ಲಿಗೇ ಬಂದೆ. ಧರಣಿ ಬಾಗಿಲಲ್ಲೇ ಇದ್ದಳು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಜರಿ ಪಟ್ಟಿ ಗೀಚಿ ಇಟ್ಟುಕೊಂಡಿದ್ದಳು. ನನ್ನ ಹೆಸರು ಒಂದೇ. ಎಂಟನೇ ತಾರೀಖಿಗೆ ‘ಗೈ’ ಎಂದು ಬರೆದಿದ್ದಳು. ‘ನಿನ್ನೆ ಗೈರು ಮಿಸ್. ಇವತ್ತು ಹಾಜರ್ ಹಾಕ್ತೀನಿ’ ಎಂದು ನನ್ನ ಪೆನ್ನಿನಿಂದಲೇ ಹಾಕಿ, ಆಮೇಲೆ ಪೆನ್ನು ವಾಪಸು ಕೊಟ್ಟಳು. ಕೊಟ್ಟು ಹೋಗಿ ಎರಡು ತಟ್ಟೆ ಅನ್ನ ಉಂಡಳು.

ನಾನು ಮೊಬೈಲ್ ತೆರೆದು ಕೂತೆ. ಹೆಸರು, ವಯಸ್ಸು, ಕಸುಬು. ಜಾತಿ ಎಂಬ ಪ್ರಶ್ನೆ ಬಂದಾಗ ನನ್ನ ಬೆರಳು ನಿಂತುಹೋಯಿತು. ನೀನು ಮೆಷಿನ್ ತುಳಿಯುತ್ತಲೇ ಅಂದೆ: ‘ಕೇಳು, ನಾಚ್ಕೋಬೇಡ. ನಿಮ್ಮಮ್ಮ ಕೇಳಿದ್ದೂ ಇದನ್ನೇ. ಅವ್ರಿಗೆ ಮೊಬೈಲ್ ಬೇಕಾಗಿರ್ಲಿಲ್ಲ, ಅಷ್ಟೆ.’

ಮಾಲಿ, ನಿನ್ನ ಪತ್ರ ಅವತ್ತೇ ತಲುಪಿತ್ತು. ಅಂಚೆಯವರನ್ನು ಬೈಯಬೇಡ. ನೀನು ಕೊನೆಯ ಸಲ ನಮ್ಮ ಮನೆಗೆ ಬಂದದ್ದು ನನಗೆ ಕೆಲಸ ಸಿಕ್ಕ ಖುಷಿಯ ಊಟಕ್ಕೆ. ಅಮ್ಮ ಕೇಳಿದಳು, ನೀನು ಹೇಳಿದೆ, ನಿನ್ನ ಎಲೆಯನ್ನು ಒಳಗಿನಿಂದ ಎತ್ತಿ ಜಗಲಿಗೆ ಹಾಕಿದರು. ಬಡಿಸಿದವಳು ನಾನು. ನೀನು ನನ್ನ ಮುಖ ನೋಡಿದೆ. ನಾನು ಪಲ್ಯದ ಪಾತ್ರೆ ನೋಡಿದೆ. ‘ಒಂದೇ ಒಂದು ಮಾತು ಆಡಬಾರದಿತ್ತಾ’ ಎಂದು ನೀನು ಬರೆದದ್ದು ಅಷ್ಟೇ. ಉತ್ತರ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ಹೆದರಿಕೆ ಎಂಬ ಒಂದು ಪದ ಬರೆಯಲು ಹನ್ನೊಂದು ವರ್ಷ ಬೇಕಾಯಿತು. ತಪ್ಪಾಯಿತು.

ಗುರುವಾರವೇ ಮನೆಗೆ ಬಂದು ಅಮ್ಮನಿಗೆ ಹೇಳಿದೆ: ದೀಪಾವಳಿಗೆ ಮಾಲಾ ಬರುತ್ತಾಳೆ, ನಡುಮನೆಯಲ್ಲಿ ಕೂತು ಉಣ್ಣುತ್ತಾಳೆ. ಈ ಸಲ ಗಟ್ಟಿಯಾಗಿಯೇ ಅಂದೆ, ಪಕ್ಕದ ಮನೆಯವರೂ ಕೇಳಿಸಿಕೊಂಡರು. ಅಮ್ಮ ಎರಡು ದಿನ ಮಾತು ಬಿಟ್ಟಳು. ಇವತ್ತು ಬೆಳಿಗ್ಗೆ, ‘ಆ ಮಗು ಕಾಯಿ ಹೋಳಿಗೆ ತಿನ್ನುತ್ತಾ, ಬೇಳೆ ಹೋಳಿಗೆಯಾ?’ ಅಂದಳು.

ನಿನ್ನ
ಶಾಂತಿ


ಅಶೋಕಪುರಂ
14 ಅಕ್ಟೋಬರ್ 2025

ಲೇ ಶಾಂತಿ,

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಅದೇನು ಗುಂಡಿಯೇ, ಕಿತ್ತುಹೋದದ್ದನ್ನು ಒಂದು ನಿಮಿಷದಲ್ಲಿ ಹೊಲಿದು ಕೊಡಲು? ನಾನೂ ಒಂದು ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಬಂದವಳು, ಅವಳು ದಿನಾ ನನ್ನನ್ನು ಪರೀಕ್ಷೆ ಮಾಡುತ್ತಾಳೆ. ನಾನು ನಿನ್ನನ್ನು ಮಾಡುತ್ತೇನೆ. ಬಂದುಹೋಗಿ ಮಾಡುತ್ತಿರು.

ನಡುಮನೆಯ ಊಟ ಆಮೇಲೆ. ನಿಮ್ಮ ಮನೆಯ ಒಳಗೆ ಕೂರಿಸಿದರೆ ನನ್ನ ಬಾಳು ಪಾವನವಾಯಿತೆಂದು ತಿಳಿದೆಯಾ? ಮೊದಲು ನೀನು ಇಲ್ಲಿಗೆ ಬಂದು ಉಣ್ಣಬೇಕು. ಭಾನುವಾರ. ನಿನಗೆಂದು ಬರೀ ಸೊಪ್ಪಿನ ಸಾರು, ಮುದ್ದೆ. ಮೊಟ್ಟೆ ನಾವು ತಿನ್ನುತ್ತೇವೆ, ನೀನು ಮೂಗು ಮುಚ್ಚಿಕೊಂಡರೆ ಎಬ್ಬಿಸಿ ಕಳಿಸುತ್ತೇನೆ. ಆಮೇಲೆ ದೀಪಾವಳಿ. ಬೇಳೆ ಹೋಳಿಗೆ ಎಂದು ಅಮ್ಮನಿಗೆ ಹೇಳು.

ನಿನ್ನ ನಂಬರಿನ ಬ್ಲಾಕು ತೆಗೆದಿದ್ದೇನೆ. ಆದರೆ ಫೋನು ಮಾಡಬೇಡ. ಪತ್ರ ಒಯ್ಯುವ ಕೆಲಸ ಹೋದರೆ ಧರಣಿ ಇಬ್ಬರನ್ನೂ ಕಚ್ಚುತ್ತಾಳೆ.

ಮಾಲಿ


ಇಂದ,
ಧರಣಿ ಎ.
ಮೂರನೇ ತರಗತಿ

ಗೆ,
ಶಾಂತಾದೇವಿ ಮಿಸ್
ಮೂರನೇ ತರಗತಿ

ದಿನಾಂಕ: 27-11-2025

ವಿಷಯ: ಎರಡು ದಿನ ರಜೆ ಬೇಕು.

ಮಿಸ್,

ನಾಳೆ ಶುಕ್ರವಾರ, ನಾಡಿದ್ದು ಶನಿವಾರ ನಾನು ಶಾಲೆಗೆ ಬರಲ್ಲ. ಅತ್ತೆ ಜೊತೆ ಬೆಂಗಳೂರಿಗೆ ಮೆರವಣಿಗೆಗೆ ಹೋಗ್ತೀನಿ. ನಲವತ್ತು ಜನ ಹೋಗ್ತಾರೆ. ನಾನೂ ಘೋಷಣೆ ಕಲ್ತಿದೀನಿ. ನಿಮಗೂ ಹೇಳ್ಕೊಡ್ತೀನಿ, ಗಟ್ಟಿಯಾಗಿ ಕೂಗ್ಬೇಕು.

ಸೋಮವಾರ ಬೆಳಿಗ್ಗೆ ಬರ್ತೀನಿ. ಬೋರ್ಡ್ ಮೇಲೆ ಬರೆದಿದೀನಿ, ಅಳಿಸ್ಬೇಡಿ. ಎರಡು ದಿನ ಅಂದ್ರೆ ಎರಡೇ ದಿನ. ನೀವು ಹೆದರ್ಬೇಡಿ. ಬೆಟ್ಟಕ್ಕೆ ಹುಡ್ಕೋಕೆ ಹೋಗ್ಬೇಡಿ, ನಾನು ಅಲ್ಲಿರಲ್ಲ.

ನನ್ನ ಪೆನ್ಸಿಲ್ ಡಬ್ಬಿ ನಿಮ್ಮ ಟೇಬಲ್ ಮೇಲೆ ಇಟ್ಟಿದೀನಿ. ಅದಿಲ್ದೆ ನನಗೆ ಬರಿಯೋಕೆ ಆಗಲ್ಲ, ಅದಕ್ಕೆ ಬಂದೇ ಬರ್ತೀನಿ. ಹೆಡ್ಮಾಸ್ಟ್ರಿಗೂ ಹೇಳಿ, ಪುಸ್ತಕದಲ್ಲಿ ಖಾಲಿ ಜಾಗದಲ್ಲಿ ಏನೂ ಬರಿಯೋದು ಬೇಡ ಅಂತ.

ಇವತ್ತು ಊಟದಲ್ಲಿ ನಾನು ಮೊಟ್ಟೆ ತಗೊಳ್ಳಿಲ್ಲ, ಬಾಳೆಹಣ್ಣು ತಗೊಂಡೆ. ನೀವು ಮೊಟ್ಟೆ ತಿನ್ನಲ್ವಲ್ಲ. ಡಬ್ಬಿ ಪಕ್ಕದಲ್ಲಿದೆ. ಸೋಮವಾರದವರೆಗೂ ಇಟ್ಕೋಬೇಡಿ, ಕೆಟ್ಟೋಗುತ್ತೆ. ಈಗ್ಲೇ ತಿನ್ನಿ.

ನಿಮ್ಮ ವಿದ್ಯಾರ್ಥಿನಿ
ಧರಣಿ ಎ.